ಪಕ್ಕದ ಮನೆಗೆ ಹೋದ ಫ್ರಿಜ್

ಮಾರ್ಚ್ ತಿಂಗಳ ಎರಡನೇ ಭಾನುವಾರ. ದಿನಚರಿಯಲ್ಲಿ ಒಂದೇ ಸಾಲು: ‘ಫ್ರಿಜ್, ಟಿವಿ, ಮಿಕ್ಸಿ ದೊಡ್ಡವ್ವನ ಮನೆಗೆ.’ ವಾಪಸ್ ತರುವಾಗ ಏನೂ ಮರೆಯಬಾರದೆಂದು ಬರೆದದ್ದು. ಈಗ ಓದಿದರೆ ಕಿವಿ ಬಿಸಿಯಾಗುತ್ತದೆ.

ಚಳ್ಳಕೆರೆಯ ಎಣ್ಣೆ ಮಿಲ್ಲಿನ ಸಾವ್ಕಾರರು ನನ್ನ ನರ್ಸಿಂಗ್ ಓದಿಗೆ ಮೊದಲ ವರ್ಷದ ಫೀಸು ಕಟ್ಟಿದ್ದರು. ಎರಡನೇ ವರ್ಷದ್ದನ್ನು ಮನೆ ನೋಡಿ ತೀರ್ಮಾನಿಸುವುದಾಗಿ ಹೇಳಿ, ಅಂದು ಮೊಳಕಾಲ್ಮುರಿಗೆ ಬರುವವರಿದ್ದರು. ಅವ್ವನದು ರೇಷ್ಮೆ ನೂಲು ಸುತ್ತುವ ಕೂಲಿ. ಚೀಟಿ ಎತ್ತಿ ಹಳೇ ಫ್ರಿಜ್ ಕೊಂಡಿದ್ದಳು.

“ಫ್ರಿಜ್ ಇರೋ ಮನೇಗೆ ಯಾರು ಫೀಸ್ ಕಟ್ತಾರೆ? ಹಿಡಿಯೇ ಆ ಕಡೆ,” ಎಂದಳು.

ಪಕ್ಕದ ಮನೆಯ ದೊಡ್ಡವ್ವ ನಕ್ಕಳು. “ಬರ್ಲಿ ಬಿಡು, ಒಂದಿನ ನಾನೂ ಸಾವ್ಕಾರ್ತಿ ಆಗ್ತೀನಿ.”

ನಮ್ಮ ಓಣಿಯ ಗುಡಿಯ ಮೆಟ್ಟಿಲುಗಳ ಮೇಲೆ ಹಿಂದಿನ ಕಾಲದ ದಾನಿಗಳ ಹೆಸರುಗಳಿವೆ. ಭಕ್ತರ ಪಾದದ ಧೂಳು ತಾಗಲೆಂದು ಅವರೇ ಅಲ್ಲಿ ಕೆತ್ತಿಸಿದರಂತೆ. ಸಾವ್ಕಾರರ ಹೆಸರು ಅದೇ ಗುಡಿಯ ಫ್ಯಾನಿನ ರೆಕ್ಕೆಗಳ ಮೇಲಿದೆ. ಅದನ್ನು ಓದಲು ಫ್ಯಾನ್ ನಿಲ್ಲಬೇಕು.

ಸಾವ್ಕಾರರು ಮಧ್ಯಾಹ್ನದ ಬಿಸಿಲಲ್ಲಿ ಫೋಟೋಗ್ರಾಫರನ ಜೊತೆ ಬಂದರು. ಕೂತವರೇ ನೀರು ಕೇಳಿದರು. ಬಂದವರಿಗೆ ಬಿಸಿಲುಕಾಲದಲ್ಲಿ ಕಾದ ನೀರು ಕೊಟ್ಟು ಅವ್ವನಿಗೆ ಅಭ್ಯಾಸವಿಲ್ಲ.

“ಹೋಗೇ, ತಣ್ಣೀರು ತಗಂಬಾ.”

ನಾನೂ ಯೋಚಿಸದೆ ಓಡಿ, ದೊಡ್ಡವ್ವನ ಮನೆಯಿಂದ ಬಾಟಲಿ ತಂದೆ.

“ಜೀವ ಬಂತು ನೋಡವ್ವ. ಎಲ್ಲಿದು?”

“ಪಕ್ಕದ ಮನೇದ್ರಿ,” ಎಂದಳು ಅವ್ವ.

ಸಾವ್ಕಾರರನ್ನು ನೋಡಲು ನನ್ನ ಹಿಂದೆಯೇ ಬಂದಿದ್ದ ದೊಡ್ಡವ್ವ ಬಾಗಿಲಲ್ಲೇ ಅಂದಳು: “ಅಯ್ಯೋ, ನಮ್ ಮನೇಗೆಲ್ಲಿ ಫ್ರಿಜ್ ಬರ್ಬೇಕ್ರಿ? ಬೆಳಿಗ್ಗೆ ಇವ್ರೇ ತಂದಿಟ್ಟಿದ್ದು!” ಹೇಳಿದ ಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಅವ್ವ ನೆಲ ನೋಡಿದಳು. ನಾನು ಸಾವ್ಕಾರರನ್ನು ನೋಡಿದೆ. ಅವರು ಗೋಡೆ ನೋಡುತ್ತಿದ್ದರು. ಟಿವಿ ಇದ್ದ ಜಾಗದಲ್ಲಿ ಸುಣ್ಣ ಹೊಸದರಂತೆ ಬೆಳ್ಳಗಿತ್ತು. ಫೀಸು ಹೋಯಿತು ಅಂದುಕೊಂಡೆ.

“ಬೇಜಾರ್ ಮಾಡ್ಕಬೇಡ್ರವ್ವ. ಫೀಸು ಕಟ್ತೀನಿ. ಸಾಮಾನು ತಂದಿಟ್ಕಳ್ರಿ,” ಎಂದರು. ಅವ್ವ ಕೈಮುಗಿದಳು. ನಾನು ದೊಡ್ಡವ್ವನ ಮನೆ ಕಡೆ ಹೊರಟಿದ್ದೆ.

“ಈಗ್ಲೇ ಬ್ಯಾಡ. ಮೊದ್ಲು ಫೋಟೋ ಆಗ್ಲಿ,” ಎಂದು ಕರೆದರು.

ಉಳಿದಿದ್ದ ಪ್ಲಾಸ್ಟಿಕ್ ಕುರ್ಚಿಯನ್ನು ಅವ್ವನೇ ಆಚೆಗೆ ತಳ್ಳಿದಳು. ನಾನು ಕಾಲ್ಗೆಜ್ಜೆ ಕಾಣದಂತೆ ಲಂಗ ಕೆಳಗೆ ಎಳೆದುಕೊಂಡೆ. ಹಾಗೆ ಮಾಡಲು ಯಾರೂ ಹೇಳಿರಲಿಲ್ಲ.

ಫೀಸು ಅದೇ ವಾರ ಕಟ್ಟಿದರು. ತಿಂಗಳಾದ ಮೇಲೆ ಚಳ್ಳಕೆರೆಯಲ್ಲಿ ಸಮಾರಂಭ. ವೇದಿಕೆಯ ಹಿಂದಿನ ಬ್ಯಾನರಿನಲ್ಲಿ ಅವ್ವ, ನಾನು ಇಬ್ಬರೂ ಮಂಚದಷ್ಟು ದೊಡ್ಡದಾಗಿ ನಿಂತಿದ್ದೆವು, ತಲೆಯ ಮೇಲೆ ಟಿವಿ ಜಾಗದ ಆ ಬಿಳಿ ಚೌಕ. ನನಗೆ ಕತ್ತೆತ್ತಲಾಗಲಿಲ್ಲ.

ಅವ್ವ ಮಾತ್ರ ಬಹಳ ಹೊತ್ತು ನೋಡಿದಳು. “ಸಾಮಾನಿಲ್ದಿದ್ರೆ ನಮ್ಮನೆ ಎಷ್ಟು ದೊಡ್ದಾಗಿ ಕಾಣ್ತೈತೆ ನೋಡೇ,” ಎಂದಳು.