ಸೆಲ್ವರಾಜ್ ಕೊಟ್ಟ ಒಸಡಿನ ಚೂರು

ಚಿನ್ನದ ಗಣಿಯ ಊರಾದ ಚಾಂಪಿಯನ್ ರೀಫ್ಸಿನ ಸೆಲ್ವರಾಜ್ ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುವುದಕ್ಕೆ ತೊಡಗಿ ಮೂವತ್ತೊಂದು ವರ್ಷವಾಯಿತು. ಗಣಿ ಮುಚ್ಚಿದಾಗ ಓರಗೆಯವರೆಲ್ಲ ಬೇರೆ ಬೇರೆ ಕೆಲಸ ಹುಡುಕಿಕೊಂಡರು. ಇವರಿಗೆ ಆ ಕರಿಯ ಕೊಳವೆಯೇ ಸಾಕಾಯಿತು. ಬಂಗಾರಪೇಟೆಯ ಛತ್ರಗಳ ಮುಂದೆ ಗಂಡಿನ ಮೆರವಣಿಗೆ ಬರುವಾಗ ಡ್ರಮ್ಮಿನ ಗದ್ದಲದ ಮೇಲೆ ತೇಲಿ ಬರುವ ಎತ್ತರದ ಸ್ವರ ಅವರದು.

ಕ್ಲಾರಿನೆಟ್ ಊದುವಾಗ ಮೇಲಿನ ಎರಡು ಮುಂಹಲ್ಲು ವಾದ್ಯದ ತುದಿಯ ಮೇಲೆ ಗಟ್ಟಿಯಾಗಿ ಕೂರಬೇಕು. ಹೋದ ವರ್ಷ ಒಂದು ಮದುವೆಯಲ್ಲಿ, ಹಾಡು ಮೇಲಕ್ಕೆ ಏರುವ ಹೊತ್ತಿಗೆ ಸರಿಯಾಗಿ, ಆ ಹಲ್ಲುಗಳು ಹಿಂದಕ್ಕೆ ಜಾರಿದಂತಾಯಿತು. ಸ್ವರ ಕೀರಲಾಗಿ ಒಡೆಯಿತು. ಪಕ್ಕಕ್ಕೆ ತಿರುಗಿ ಉಗುಳಿದರೆ ರಕ್ತ.

ಡ್ರಮ್ ಬಾರಿಸುವ ಮುನೇಶ್ ಓಡಿ ಬಂದ. "ಏನ್ಲಾ ಆಯ್ತು? ಬಾಯಲ್ಲಿ ರಕ್ತ ಬತ್ತಾ ಐತೆ!"

"ಹಲ್ಲು ಆಡ್ತಾ ಇದೆಪ್ಪಾ."

"ಉಷ್ಣ ಕಣ್ಲಾ. ಎಳನೀರು ಕುಡಿ, ಸರಿ ಓಗ್ತದೆ."

ಹತ್ತು ದಿನ ಎಳನೀರು ಕುಡಿದರು. ಹೆಂಡತಿ ಮಾರಿಯಮ್ಮ ಲವಂಗ ಒತ್ತಿಸಿದಳು. ಔಷಧಿ ಅಂಗಡಿಯವರು ಕ್ಯಾಲ್ಸಿಯಂ ಮಾತ್ರೆ ಕೊಟ್ಟರು. ಸೆಲ್ವರಾಜ್‌ಗೆ ಬಿಡಿಸಲಾಗದ ಒಗಟೆಂದರೆ ನೋವೇ ಇರಲಿಲ್ಲ. ಹುಳುಕೂ ಇರಲಿಲ್ಲ. ಕನ್ನಡಿಯಲ್ಲಿ ನೋಡಿಕೊಂಡರೆ ಹಲ್ಲು ಚೆನ್ನಾಗಿಯೇ ಇದೆ, ಬೆರಳಿಟ್ಟರೆ ಅಲ್ಲಾಡುತ್ತದೆ.

ಕೊನೆಗೆ ದಂತ ಆಸ್ಪತ್ರೆಗೆ ಹೋದರು. ಅಲ್ಲಿ ಒಸಡಿನ ಕಾಯಿಲೆಗಳ ಬಗ್ಗೆ ಉನ್ನತ ವ್ಯಾಸಂಗ ಮಾಡುತ್ತಿದ್ದ ನವ್ಯ ಎಂಬ ಡಾಕ್ಟರ್ ಎಕ್ಸ್‌ರೇ ತೆಗೆಸಿ ತೋರಿಸಿದರು. ಹಲ್ಲು ಚೆನ್ನಾಗಿಯೇ ಇತ್ತು. ಅದನ್ನು ಹಿಡಿದಿದ್ದ ದವಡೆಯ ಮೂಳೆ ಅರ್ಧದಷ್ಟು ಕರಗಿಹೋಗಿತ್ತು.

"ಯಾರು ಕರಗಿಸಿದ್ದು?" ಎಂದು ಸೆಲ್ವರಾಜ್ ಕೇಳಿದರು.

"ಶುರು ಮಾಡಿದ್ದು ಒಸಡಿನ ಅಡಿ ಸೇರಿರೋ ಕ್ರಿಮಿ. ಆದ್ರೆ ಮೂಳೆ ತಿಂದಿದ್ದು ನಿಮ್ಮ ದೇಹದ್ದೇ ಜೀವಕೋಶಗಳು."

"ನಾನೇ ನನ್ನ ಮೂಳೆ ತಿಂದ್ನಾ?"

ನವ್ಯ ನಗಲಿಲ್ಲ. ಬೀಡಿ ಬಿಡಬೇಕು ಎಂದರು. ರಕ್ತ ಪರೀಕ್ಷೆ ಮಾಡಿಸಿದಾಗ ಸಕ್ಕರೆ ಕಾಯಿಲೆಯೂ ಇರುವುದು ಗೊತ್ತಾಯಿತು. ಎರಡೂ ಸೇರಿ ಒಸಡನ್ನು ಕೆಡಿಸುತ್ತವೆ ಎಂದು ಹೇಳಿ, ಒಸಡು ಬಿಡಿಸಿ ಒಳಗಿನಿಂದ ಶುಚಿ ಮಾಡುವ ಸಣ್ಣ ಶಸ್ತ್ರಚಿಕಿತ್ಸೆಗೆ ದಿನ ಗೊತ್ತು ಮಾಡಿದರು. ಆಮೇಲೆ ಸ್ವಲ್ಪ ಸಂಕೋಚದಿಂದ ಇನ್ನೊಂದು ಮಾತು ತೆಗೆದರು. ಅವತ್ತು ಕತ್ತರಿಸಿ ತೆಗೆಯುವ ಒಸಡಿನ ಚೂರನ್ನು ತಮ್ಮ ಅಧ್ಯಯನಕ್ಕೆ ಕೊಡುತ್ತೀರಾ? ಕೊಡದಿದ್ದರೂ ಚಿಕಿತ್ಸೆಯಲ್ಲಿ ಏನೂ ವ್ಯತ್ಯಾಸ ಆಗುವುದಿಲ್ಲ.

"ಆ ಕೆಟ್ಟಿರೋ ಮಾಂಸ ನಿಮಗ್ಯಾಕಮ್ಮಾ?"

ನವ್ಯ ಕಾಗದ ಎಳೆದುಕೊಂಡು ಗೆರೆ ಹಾಕಿದರು. ಜೀವಕೋಶದೊಳಗೆ ಡಿಎನ್‌ಎ ಎಂಬ ದೊಡ್ಡ ಪುಸ್ತಕ ಇರುತ್ತದೆ. ಅದರಿಂದ ಅವತ್ತಿಗೆ ಬೇಕಾದ್ದನ್ನಷ್ಟೇ ನಕಲು ಮಾಡಿಕೊಂಡ ಹಾಳೆಯೇ ಆರ್‌ಎನ್‌ಎ. ಆ ಹಾಳೆಯ ಕೆಲವು ಅಕ್ಷರಗಳ ಮೇಲೆ ಮೀಥೈಲ್ ಎಂಬ ಪುಟ್ಟ ಗುರುತು ಬೀಳುತ್ತದೆ. ಅಕ್ಷರ ಬದಲಾಗುವುದಿಲ್ಲ. ಆದರೆ ಯಾವ ಹಾಳೆ ಉಳಿಯಬೇಕು, ಯಾವುದು ಬೇಗ ಹರಿದುಹೋಗಬೇಕು ಎನ್ನುವುದು ಆ ಗುರುತಿನ ಮೇಲೆ ನಿಂತಿರುತ್ತದೆ. ಒಸಡು ಊದಿಕೊಂಡಾಗ ಈ ಗುರುತುಗಳು ಏರುಪೇರಾಗಿ, ಮೂಳೆ ಕಟ್ಟುವ ಕೋಶಗಳು ಸೊರಗಿ, ಮೂಳೆ ತಿನ್ನುವ ಕೋಶಗಳು ಹೆಚ್ಚುತ್ತವೆಯೋ ಏನೋ. ಅದನ್ನೇ ಅವರು ಹುಡುಕುತ್ತಿದ್ದರು.

ಸೆಲ್ವರಾಜ್‌ಗೆ ಒಂದು ಗಳಿಗೆ ಎಲ್ಲ ಅರ್ಥವಾದಂತೆ ಅನಿಸಿತು. ಅವರಿಗೆ ಕಲಿಸಿದ ಮೇಷ್ಟರು ಸ್ವರ ಬರೆಯುವಾಗ ತಲೆಯ ಮೇಲೆ ಚುಕ್ಕಿ ಇಡುತ್ತಿದ್ದರು. ಚುಕ್ಕಿ ಇಟ್ಟರೆ ಅದೇ ಸ ಮೇಲಿನ ಸ್ಥಾಯಿಗೆ ಹೋಗುತ್ತದೆ.

"ಹಾಗಾದ್ರೆ ಆ ಗುರುತಿನ ಚುಕ್ಕಿ ಅಳಿಸಿಬಿಡಿ ಡಾಕ್ಟರಮ್ಮಾ. ಹಲ್ಲು ಗಟ್ಟಿಯಾಗುತ್ತಲ್ಲ?"

"ಅಳಿಸೋಕೆ ಇನ್ನೂ ಬರಲ್ಲ. ಯಾವ ಚುಕ್ಕಿ ಕೆಟ್ಟದ್ದು ಅಂತಾನೂ ಸರಿಯಾಗಿ ಗೊತ್ತಿಲ್ಲ. ಒಂದೇ ಗುರುತು ಒಂದು ಕಡೆ ಮೂಳೆ ಕಾಪಾಡುತ್ತೆ, ಇನ್ನೊಂದು ಕಡೆ ಹಾಳು ಮಾಡುತ್ತೆ."

ಅರ್ಥವಾದದ್ದೆಲ್ಲ ಮತ್ತೆ ಕಲಸಿಹೋಯಿತು.

ಮನೆಯಲ್ಲಿ ಮಾರಿಯಮ್ಮನಿಗೆ ಹೇಳಹೊರಟು ಇನ್ನಷ್ಟು ಗೋಜಲು ಮಾಡಿಕೊಂಡರು. "ನಕಲು ಮಾಡ್ತಾರಾ? ನಿನ್ನನ್ನಾ?" ಎಂದು ಅವಳು ಗಾಬರಿಯಾದಳು. "ಅಪ್ಪನಿಂದ ಬಂದಿದ್ದಾ? ಮಗಳಿಗೂ ಬರುತ್ತಾ? ಅದನ್ನ ಕೇಳಿದ್ಯಾ?" ಕೇಳಿರಲಿಲ್ಲ. ಸೆಲ್ವರಾಜ್‌ರ ಅಪ್ಪ ಗಣಿಯಲ್ಲಿದ್ದವರು. ನಲವತ್ತೈದಕ್ಕೆ ಬಾಯಲ್ಲಿ ಒಂದು ಹಲ್ಲೂ ಉಳಿದಿರಲಿಲ್ಲ. ಗಣಿಯ ಧೂಳು ಎಂದು ಮನೆಯವರೆಲ್ಲ ನಂಬಿದ್ದರು. ಈಗ ಅದೂ ಅನುಮಾನವಾಯಿತು. ಧೂಳೋ, ಬೀಡಿಯೋ, ಸಕ್ಕರೆಯೋ, ಚುಕ್ಕಿಯೋ?

ಮಾರನೆಯ ವಾರ ಮಾರಿಯಮ್ಮನನ್ನೇ ಕರೆದುಕೊಂಡು ಹೋದರು. ನವ್ಯ ಅವಳಿಗೆ ತಾಳ್ಮೆಯಿಂದ ಉತ್ತರ ಕೊಟ್ಟರು. ಮಗಳಿಗೆ ಬಂದೇ ಬರುತ್ತದೆ ಎಂದಲ್ಲ, ಒಮ್ಮೆ ಪರೀಕ್ಷೆ ಮಾಡಿಸುವುದು ಒಳ್ಳೆಯದು. ನಕಲು ಮನುಷ್ಯನದಲ್ಲ. ಈ ಅಧ್ಯಯನದಿಂದ ನಿಮ್ಮ ಯಜಮಾನರ ಹಲ್ಲಿಗೆ ಉಪಯೋಗ ಆಗುವುದಿಲ್ಲ. ಕಡೆಯ ಮಾತು ಕೇಳಿ ಮಾರಿಯಮ್ಮ ಗಂಡನ ಮುಖ ನೋಡಿದಳು. "ನಮಗೆ ಉಪಯೋಗ ಇಲ್ಲ ಅಂತ ಅವರೇ ಹೇಳ್ತಾ ಇದಾರೆ. ಸುಳ್ಳು ಹೇಳೋರಾದ್ರೆ ಇದೆ ಅಂತಿದ್ರು. ಕೊಡು."

ಸೆಲ್ವರಾಜ್ ಸಹಿ ಹಾಕಿದರು. ಶಸ್ತ್ರಚಿಕಿತ್ಸೆಯ ದಿನ ಅಕ್ಕಿಕಾಳಿನಷ್ಟು ಕೆಂಪು ಚೂರು ಸಣ್ಣ ಶೀಶೆ ಸೇರಿತು. ಅಲ್ಲಾಡುವ ಹಲ್ಲುಗಳನ್ನು ಒಳಗಿನಿಂದ ತಂತಿ ಹಾಕಿ ಒಂದಕ್ಕೊಂದು ಕಟ್ಟಿದರು. ಆರು ತಿಂಗಳು ಊದುವಂತಿಲ್ಲ ಎಂದರು. ಬೀಡಿ ಬಿಡುವುದಕ್ಕಿಂತ ಅದು ಕಷ್ಟವಾಯಿತು. ಆ ಮದುವೆಯ ಕಾಲವೆಲ್ಲ ಅವರು ಮುನೇಶನ ಪಕ್ಕ ನಿಂತು ತಾಳ ಹಾಕಿದರು. ತಾಳದವರ ಮುಖವನ್ನು ಯಾರೂ ನೋಡುವುದಿಲ್ಲ ಎಂದು ಅವರಿಗೆ ಆಗ ಗೊತ್ತಾಯಿತು.

ಚಳಿಗಾಲದಲ್ಲಿ ತಪಾಸಣೆಗೆ ಹೋದಾಗ ಅಧ್ಯಯನ ಮುಗಿದಿತ್ತು. ಹೆಸರಿನ ಬದಲು ಬರೀ ನಂಬರ್ ಹಾಕಿದ್ದರಿಂದ ಯಾವುದು ಯಾರದು ಎಂದು ಹೇಳುವಂತಿಲ್ಲ ಎಂದು ನವ್ಯ ಮೊದಲೇ ತಿಳಿಸಿದರು. ಕಾಯಿಲೆ ಇರುವ ಹೆಚ್ಚಿನವರ ಒಸಡಿನಲ್ಲಿ ಆ ಗುರುತು ಜಾಸ್ತಿ ಕಂಡಿತ್ತು. ಆದರೆ ನಾಲ್ಕೈದು ಮಂದಿಯ ಮೂಳೆ ಅಷ್ಟೇ ಕರಗಿದ್ದರೂ, ಗುರುತು ಮಾತ್ರ ಆರೋಗ್ಯವಂತರಲ್ಲಿ ಇದ್ದಷ್ಟೇ ಇತ್ತು.

"ಯಾಕೆ?"

"ಗೊತ್ತಿಲ್ಲ. ನನ್ನ ಗೈಡ್‌ಗೂ ಗೊತ್ತಿಲ್ಲ."

"ನಾನು ಆ ನಾಲ್ಕೈದರಲ್ಲಿ ಇದ್ದೀನಾ?"

"ಅದೂ ಗೊತ್ತಿಲ್ಲ."

ಡಾಕ್ಟರ್ ಬಾಯಿಂದ ಅಷ್ಟು ಸಲ ಗೊತ್ತಿಲ್ಲ ಎನ್ನುವುದನ್ನು ಸೆಲ್ವರಾಜ್ ಎಂದೂ ಕೇಳಿರಲಿಲ್ಲ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಗೋಜಲಾಗಿರುವುದು ತನ್ನೊಬ್ಬನಿಗೇ ಅಲ್ಲ ಎಂದು ಸ್ವಲ್ಪ ಹಗುರವೇ ಆಯಿತು.

ಹಲ್ಲುಗಳು ಉಳಿದವು, ಮೂಳೆ ಮಾತ್ರ ಮತ್ತೆ ಬೆಳೆಯಲಿಲ್ಲ. ಹಲ್ಲಿನ ಮೇಲೆ ಭಾರ ಬೀಳದಂತೆ ಕೆಳತುಟಿಯ ಜೊತೆಗೆ ಮೇಲ್ತುಟಿಯನ್ನೂ ಒಳಕ್ಕೆ ಮಡಿಸಿಕೊಂಡು ಊದುವುದನ್ನು ಅವರು ಮನೆಯ ಹಿತ್ತಲಲ್ಲಿ ದಿನಾ ಅಭ್ಯಾಸ ಮಾಡಿದರು. ತುಟಿ ಉರಿಯುತ್ತಿತ್ತು. ಎತ್ತರದ ಸ್ವರ ಮೊದಲಿನಂತೆ ಚೂಪಾಗಿ ಬಾರದೆ ಮೆತ್ತಗೆ, ದುಂಡಗೆ ಬಂತು. ಈ ವರ್ಷದ ಮೊದಲ ಮದುವೆಯಲ್ಲಿ ಅದನ್ನು ಕೇಳಿದ ಮುನೇಶ್ ಬಾರಿಸುತ್ತಲೇ ಹತ್ತಿರ ಬಂದ.

"ಬ್ಯಾರೆ ಥರಾ ಬತ್ತಾ ಐತಲ್ಲೋ. ಚೆನ್ನಾಗೈತೋ ಇಲ್ವೋ, ನಂಗ್ ಗೊತ್ತಾಗ್ತಿಲ್ಲ ಕಣ್ಲಾ."

ಸೆಲ್ವರಾಜ್‌ಗೂ ಗೊತ್ತಾಗಿರಲಿಲ್ಲ. ಮೆರವಣಿಗೆ ಛತ್ರದ ಬಾಗಿಲು ಮುಟ್ಟುವವರೆಗೂ ಊದಿದರು.