ಯಾರೂ ಬಿಚ್ಚಬಾರದ ಹೆರಳು

ದಾಕ್ಷಾಯಿಣಿ ಅಕ್ಕನ ಮನೆಗೆ ಬಂದದ್ದು ಒಂದು ತಿಂಗಳ ಮಟ್ಟಿಗೆ. ಚೀಲದಲ್ಲಿ ಮೂರು ಚೂಡಿದಾರ, ಒಂದು ಟವೆಲು, ತಿದ್ದಬೇಕಾಗಿದ್ದ ಮಕ್ಕಳ ಕಾಪಿ ಪುಸ್ತಕಗಳ ಒಂದು ಕಟ್ಟು, ಇಷ್ಟೇ ಇದ್ದವು. ಅವಳಿಗೆ ಆಗ ಇಪ್ಪತ್ತೈದು. ಅಮ್ಮಿನಬಾವಿಯ ತವರಿನಿಂದ ದಿನಾ ಬಸ್ಸಿನಲ್ಲಿ ಧಾರವಾಡಕ್ಕೆ ಹೋಗಿ ಸಣ್ಣದೊಂದು ಖಾಸಗಿ ಶಾಲೆಯಲ್ಲಿ ಒಂದನೇ ತರಗತಿಗೆ ಕಲಿಸುತ್ತಿದ್ದಳು. ಧಾರವಾಡದ ಒಬ್ಬ ಉಪನ್ಯಾಸಕನ ಮನೆಯವರು ಬಂದು ನೋಡಿ ಒಪ್ಪಿಕೊಂಡು ಹೋಗಿದ್ದರು. ಲಾಕ್‌ಡೌನ್ ಮುಗಿಯಲಿ, ನಿಶ್ಚಯ ಮಾಡೋಣ ಎಂದು ಮಾತಾಗಿತ್ತು. ಅಷ್ಟರಲ್ಲಿ ಅಕ್ಕ ಸುರಭಿ ತೀರಿಕೊಂಡಳು.

ಸುರಭಿಯನ್ನು ಕೊಟ್ಟದ್ದು ಉಣಕಲ್ಲಿಗೆ. ಗಂಡ ಕುಮಾರಸ್ವಾಮಿಗೆ ಅಲ್ಲೇ ದನದ ಹಿಂಡಿಯ ಅಂಗಡಿ. ಮನೆಯಲ್ಲಿ ಅತ್ತೆ ದಾನವ್ವ, ಏಳು ವರ್ಷದ ಮಗಳು ಸೌಂದರ್ಯಾ. ಕೊರೊನಾದ ಎರಡನೇ ಅಲೆಯ ಮೇ ತಿಂಗಳಲ್ಲಿ ಸುರಭಿಗೆ ಐದು ದಿನ ಜ್ವರ ಬಂತು. ಆರನೇ ದಿನ ಬೆಳಿಗ್ಗೆ ಉಸಿರು ಸಾಲದಾಯಿತು. ಕುಮಾರಸ್ವಾಮಿ ಗಾಡಿ ತರಲು ಓಡಿದ. ಅವನು ಬರುವವರೆಗೆ ಸುರಭಿ ಬಾಗಿಲ ಮೆಟ್ಟಿಲ ಮೇಲೆ ಕುಳಿತು ಮಗಳನ್ನು ಮೊಣಕಾಲ ನಡುವೆ ಕೂರಿಸಿಕೊಂಡಳು.

ಸೌಂದರ್ಯಾಳ ಕೂದಲು ಸೊಂಟದವರೆಗೆ ಇಳಿಯುತ್ತಿತ್ತು. ರೇಷ್ಮೆಯಂಥ ತೆಳು ಕೂದಲು. ಒಂದು ದಿನ ಬಾಚದೆ ಬಿಟ್ಟರೂ ಸಿಕ್ಕಾಗುತ್ತಿತ್ತು. ಎರಡು ಎಳೆ ತಿರುವಿ ಒಮ್ಮೆ ನಿಲ್ಲುತ್ತ, ಮತ್ತೆ ಎರಡು ಎಳೆ ತಿರುವುತ್ತ ಸುರಭಿ ಬಿಗಿಯಾಗಿ ಎರಡು ಹೆರಳು ಹಾಕಿದಳು.

"ಸಾಕ ಬಿಡವ್ವಾ, ನಾ ಹಾಕತೇನಿ," ಎಂದಳು ದಾನವ್ವ ಒಳಗಿನಿಂದ.

ಸುರಭಿ ಮಗಳ ಕಿವಿಯ ಹತ್ತಿರ ಬಾಗಿದಳು. "ಅಜ್ಜಿಗೆ ಕಣ್ಣ ಕಾಣೂದಿಲ್ಲ, ಜಗ್ಗಿಬಿಡತಾಳ. ಯಾರ ಕೈಯಾಗೂ ಕೊಡಬ್ಯಾಡ ಇದನ್ನ. ನಾಕ ದಿನದಾಗ ಬರ್ತೇನಿ. ಬಂದು ನಾನ ಬಿಚ್ಚತೇನಿ."

ಒಂಬತ್ತನೇ ದಿನ ಆಸ್ಪತ್ರೆಯಲ್ಲಿ ಅವಳು ತೀರಿಹೋದಳು. ದೇಹ ಮನೆಗೆ ಬರಲಿಲ್ಲ. ಕುಮಾರಸ್ವಾಮಿ ಒಬ್ಬನೇ ಹೋಗಿ ದೂರ ನಿಂತು ಮಣ್ಣು ಮಾಡುವುದನ್ನು ನೋಡಿ ಬಂದ. ಕೂಸಿಗೆ ಈಗಲೇ ಹೇಳುವುದು ಬೇಡ ಎಂದು ದಾನವ್ವ ತೀರ್ಮಾನಿಸಿದಳು. ಅವ್ವ ಎಲ್ಲಿ ಎಂದು ಕೇಳಿದಾಗಲೆಲ್ಲ "ದವಾಖಾನ್ಯಾಗ ಅದಾಳ" ಎಂದಳು. ಹೇಳುತ್ತ ಹೇಳುತ್ತ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವ ದಾರಿಯೇ ಅವಳಿಗೆ ತಿಳಿಯದೆ ಹೋಯಿತು.

ಬಸ್ಸುಗಳು ಮತ್ತೆ ಶುರುವಾದ ಮೇಲೆ, ಜೂನ್ ಕೊನೆಗೆ, ದಾಕ್ಷಾಯಿಣಿ ಬಂದಾಗ ಸೌಂದರ್ಯಾ ತಲೆಗೆ ಟವೆಲು ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಟವೆಲಿನ ಕೆಳಗೆ ಹೆರಳು ಹಾಗೇ ಇದ್ದವು. ಒಂದು ತಿಂಗಳ ಮೇಲಾಗಿತ್ತು. ಸ್ನಾನ ಮಾಡುವಾಗ ತಲೆಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಳ್ಳುತ್ತಿದ್ದಳು. ಎರಡು ಸಲ ಬಾಚಲು ಹೋದ ದಾನವ್ವನ ಕೈ ಕಚ್ಚಿದ್ದಳು. ಕೂದಲು ಬೆವರು, ಧೂಳು ಕೂಡಿ ಹಗ್ಗದಂತೆ ಗಟ್ಟಿಯಾಗಿತ್ತು. ಹೇನಾಗಿದ್ದವು. ಪೆನ್ಸಿಲಿನ ತುದಿಯಿಂದ ತಲೆ ಕೆರೆದುಕೊಳ್ಳುತ್ತಿದ್ದಳು.

"ಚಿಗವ್ವಾ, ಅವ್ವ ನಿನಗ ಫೋನ್ ಮಾಡಿದ್ಲೇನು?" ಎಂದು ಎರಡನೇ ದಿನ ಕೇಳಿದಳು.

ದಾಕ್ಷಾಯಿಣಿ ಹಾಲು ಉಕ್ಕುತ್ತದೆ ಎಂದು ಹೇಳಿ ಅಡುಗೆಮನೆಗೆ ಹೋದಳು. ಒಲೆಯ ಮೇಲೆ ಹಾಲು ಇಟ್ಟೇ ಇರಲಿಲ್ಲ.

ನಾಲ್ಕನೇ ದಿನ ಮಗುವಿನ ಎಡಗಿವಿಯ ಹಿಂದೆ ಹುಣ್ಣಾಗಿ ಕೀವು ಸೋರಿ ಟವೆಲಿಗೆ ಅಂಟಿಕೊಂಡದ್ದು ಅವಳ ಕಣ್ಣಿಗೆ ಬಿತ್ತು. ಮಧ್ಯಾಹ್ನ ಊಟಕ್ಕೆ ಬಂದ ಕುಮಾರಸ್ವಾಮಿಯ ಮುಂದೆ ನಿಂತು ಹೇಳಿದಳು: "ಆಕಿಗೆ ಖರೇ ಹೇಳ್ರಿ. ಇಲ್ಲಂದ್ರ ಆಕಿ ತಲಿ ಮುಟ್ಟಗೊಡೂದಿಲ್ಲ."

"ಅಷ್ಟ ಸಣ್ಣ ಕೂಸಿನ ಮುಂದ ಹೆಂಗ ಹೇಳೂದು," ಎಂದಳು ದಾನವ್ವ.

ಕುಮಾರಸ್ವಾಮಿ ಅರ್ಧ ರೊಟ್ಟಿ ಬಿಟ್ಟು ಎದ್ದು ಕೈ ತೊಳೆದು ಅಂಗಡಿಗೆ ನಡೆದ.

ಮರುದಿನ ಬೆಳಿಗ್ಗೆ ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಸೌಂದರ್ಯಾಳನ್ನು ಕೂರಿಸಿ ದಾಕ್ಷಾಯಿಣಿ ತಾನೇ ಹೇಳಿದಳು. ಸುತ್ತುಬಳಸಿ ಹೇಳಬೇಕೆಂದು ಏನೇನೋ ಜೋಡಿಸಿಕೊಂಡಿದ್ದಳು. ಬಾಯಿ ತೆರೆದಾಗ ಅದೊಂದೂ ಬರಲಿಲ್ಲ.

"ನಿಮ್ಮವ್ವ ಬರೂದಿಲ್ಲ, ಸೌಂದರ್ಯಾ."

"ನಾಳೆ?"

"ನಾಳೇನೂ ಬರೂದಿಲ್ಲ. ದವಾಖಾನ್ಯಾಗ ಸತ್ತಳು. ತಿಂಗಳ ಮ್ಯಾಲ ಆತು."

ಮಗು ತನ್ನ ಕಾಲ ಬೆರಳು ನೋಡುತ್ತ ಕುಳಿತಿತ್ತು. "ಅವ್ವ ಸುಳ್ಳ ಹೇಳಿದ್ಲಾ?" ಎಂದು ಕೇಳಿತು.

"ಇಲ್ಲ. ಆಕಿಗೆ ಗೊತ್ತಿರಲಿಲ್ಲ."

"ಹಂಗಾರ ಬಿಚ್ಚು," ಎಂದು ಸೌಂದರ್ಯಾ ಟವೆಲು ತೆಗೆದು ಬೆನ್ನು ತಿರುಗಿಸಿ ಕುಳಿತಳು.

ಬಿಚ್ಚಲು ಮೂರು ದಿನ ಹಿಡಿಯಿತು. ದಾಕ್ಷಾಯಿಣಿ ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ಕೂದಲು ನೆನೆಯುವಷ್ಟು ಹಚ್ಚಿದಳು. ಬುಡಕ್ಕೆ ನೋವಾಗದಂತೆ ಒಂದು ಕೈಯಲ್ಲಿ ಕೂದಲನ್ನು ಮೇಲೆ ಬಿಗಿಯಾಗಿ ಹಿಡಿದು, ಇನ್ನೊಂದು ಕೈಯಿಂದ ತುದಿಯ ಸಿಕ್ಕು ಮೊದಲು ಬಿಡಿಸಿ, ಬೆರಳಷ್ಟು ಬೆರಳಷ್ಟು ಮೇಲಕ್ಕೆ ಬಂದಳು. ಹಣಿಗೆ ಹೋಗದ ಕಡೆ ಸ್ವೆಟರ್ ಹೆಣೆಯುವ ಕಡ್ಡಿಯ ತುದಿಯಿಂದ ಒಂದೊಂದೇ ಎಳೆ ಎತ್ತಿದಳು. ಉದುರಿದ ಕೂದಲು ಉಂಡೆ ಉಂಡೆಯಾಗಿ ಬರುತ್ತಿತ್ತು. ಸೌಂದರ್ಯಾ ಒಮ್ಮೆಯೂ ನೋವು ಎನ್ನಲಿಲ್ಲ. ಬಹಳ ನೋವಾದಾಗ ದಾಕ್ಷಾಯಿಣಿಯ ಮೊಣಕಾಲನ್ನು ಹಿಡಿದುಕೊಳ್ಳುತ್ತಿದ್ದಳು. ಅಕ್ಕ ಎಷ್ಟು ಬಿಗಿಯಾಗಿ ತಿರುವಿದ್ದಳು ಎಂಬುದು ಒಂದೊಂದು ಮಡಿಕೆಯಲ್ಲೂ ದಾಕ್ಷಾಯಿಣಿಯ ಬೆರಳಿಗೆ ತಿಳಿಯುತ್ತಿತ್ತು. ಉಸಿರಿಗೆ ಒದ್ದಾಡುತ್ತಿದ್ದವಳ ಕೈಯಲ್ಲಿ ಇಷ್ಟು ಶಕ್ತಿ ಎಲ್ಲಿತ್ತು ಎಂದು ಯೋಚಿಸಿದಳು. ಯೋಚಿಸಿದಷ್ಟೂ ಹಿಡಿದ ಎಳೆ ತಪ್ಪುತ್ತಿದ್ದುದರಿಂದ ಯೋಚಿಸುವುದನ್ನು ಬಿಟ್ಟಳು.

ಬಲಗಡೆಯ ಹೆರಳು ಪೂರ್ತಿ ಬಿಚ್ಚಿತು. ಎಡಗಡೆಯದು ಬಿಚ್ಚಲಿಲ್ಲ. ಹುಣ್ಣಿನ ಹತ್ತಿರ ಅಂಗೈಯಗಲದ ಗಂಟು ಕಂಬಳಿಯ ಹಾಗೆ ಹೆಪ್ಪುಗಟ್ಟಿತ್ತು. ಮೂರನೇ ದಿನ ಮಧ್ಯಾಹ್ನದವರೆಗೂ ಅದರೊಂದಿಗೆ ಗುದ್ದಾಡಿ ದಾಕ್ಷಾಯಿಣಿ ಕೈಚೆಲ್ಲಿದಳು.

"ಇದು ಬಿಡೂದಿಲ್ಲ ಪುಟ್ಟಿ. ಕತ್ತರಿಸಬೇಕು."

"ಅವ್ವಗ ಬಿಡಸಾಕ ಬರತಿತ್ತು."

"ಹೌದು, ಆಕಿಗೆ ಬರತಿತ್ತು. ನನಗ ಬರೂದಿಲ್ಲ."

ಕತ್ತರಿಯ ಸದ್ದಿಗೆ ಸೌಂದರ್ಯಾ ಅಳಲು ಶುರುಮಾಡಿದಳು. ಸುದ್ದಿ ಕೇಳಿದ ಮೇಲೆ ಅತ್ತದ್ದು ಅದೇ ಮೊದಲು. ದಾನವ್ವ ಓಡಿ ಬಂದು ನೆಲದ ಮೇಲೆ ಬಿದ್ದಿದ್ದ ಹೆರಳನ್ನು ಎತ್ತಿಕೊಂಡು ಎದೆಗೊತ್ತಿಕೊಂಡಳು.

"ತಾಯಿ ಹಾಕಿದ ಹೆರಳ ಇದು. ಕತ್ತರಿ ಹಚ್ಚಾಕ ನಿನಗ ಕೈಯರ ಹೆಂಗ ಬಂತು?" ಎಂದಳು. "ಹೇಳಬ್ಯಾಡ ಅಂದದ್ದನ್ನ ಹೇಳಿದಿ. ಈಗ ಇದನ್ನೂ ಮಾಡಿದಿ. ನೀನು ಅಕ್ಕನ ಮ್ಯಾಲ ಮಾಯಾ ಇದ್ದಾಕಿನ ಅಲ್ಲ."

ದಾಕ್ಷಾಯಿಣಿ ಕತ್ತರಿ ಕೆಳಗಿಟ್ಟು ಮಗುವಿನ ಹುಣ್ಣಿಗೆ ಔಷಧ ಹಚ್ಚಿದಳು. ಊಟಕ್ಕೆ ಬಂದ ಕುಮಾರಸ್ವಾಮಿ ಮಗಳ ತಲೆ ನೋಡಿ ಚಪ್ಪಲಿ ಕಳಚದೆ ಮೆಟ್ಟಿಲ ಮೇಲೆ ಕುಳಿತುಬಿಟ್ಟ. "ನಾ ಹೇಳಬೇಕಿತ್ತು," ಎಂದ, ಯಾರಿಗೆಂದಿಲ್ಲದೆ.

ಬಲಗಡೆಯದನ್ನೂ ಕತ್ತರಿಸಿ ಸರಿಮಾಡಲು ಸೌಂದರ್ಯಾ ಬಿಡಲಿಲ್ಲ. ಎಷ್ಟೋ ತಿಂಗಳು ಒಂದು ಕಡೆ ಸೊಂಟದವರೆಗೆ, ಇನ್ನೊಂದು ಕಡೆ ಕಿವಿಯವರೆಗೆ ಕೂದಲು ಬಿಟ್ಟುಕೊಂಡೇ ಓಡಾಡಿದಳು. ಫೋನಿನಲ್ಲಿ ಪಾಠ ನಡೆಯುವಾಗ ಬಲಗಡೆಯಷ್ಟೇ ಕಾಣುವಂತೆ ತಿರುಗಿ ಕೂರುತ್ತಿದ್ದಳು. ಆದರೆ ದಿನಾ ಬೆಳಿಗ್ಗೆ ಹಣಿಗೆ ತಂದು ದಾಕ್ಷಾಯಿಣಿಯ ಮುಂದೆ ಬೆನ್ನು ಮಾಡಿ ಕೂರುವುದನ್ನು ತಪ್ಪಿಸಲಿಲ್ಲ. ಬೇರೆ ಯಾರೂ ತಲೆ ಮುಟ್ಟುವಂತಿರಲಿಲ್ಲ.

ಒಂದು ತಿಂಗಳು ಮೂರಾಯಿತು. ದಾಕ್ಷಾಯಿಣಿಯ ಅಪ್ಪ ಬಸಣ್ಣ ಕರೆದೊಯ್ಯಲು ಬಂದ ದಿನ ಸೌಂದರ್ಯಾ ಹೋಗಬೇಡ ಎನ್ನಲಿಲ್ಲ. ಆಗಲೇ ಒಮ್ಮೆ ಬಾಚಿಸಿಕೊಂಡಿದ್ದರೂ ಹೆರಳು ಬಿಚ್ಚಿ, ಹಣಿಗೆ ಹಿಡಿದು ಮತ್ತೆ ಬಂದು ಕುಳಿತಳು. ಬಸಣ್ಣ ಒಬ್ಬನೇ ಬಸ್ಸು ಹತ್ತಿದ.

ದಾಕ್ಷಾಯಿಣಿಯನ್ನು ಕುಮಾರಸ್ವಾಮಿಗೇ ಕೊಡುವ ಮಾತು ಹಿರಿಯರ ನಡುವೆ ಎದ್ದಿತು. ಯಾರೂ ಬಲವಂತ ಮಾಡಲಿಲ್ಲ. "ನಿನ್ನ ಮನಸಿನ್ಯಾಗ ಏನೈತಿ ಹೇಳವ್ವ, ಯಾರಿಗೂ ಅಂಜಬ್ಯಾಡ," ಎಂದ ಬಸಣ್ಣ ಫೋನಿನಲ್ಲಿ. ದಾಕ್ಷಾಯಿಣಿ ಒಂದು ದಿನ ಕಾಲಾವಕಾಶ ಕೇಳಿದಳು. ಅವಳನ್ನು ನೋಡಿ ಒಪ್ಪಿದ್ದ ಧಾರವಾಡದ ಆ ಉಪನ್ಯಾಸಕನ ಜೊತೆ ಅವಳು ಮಾತಾಡಿದ್ದು ಎರಡೇ ಸಲ. ಎರಡನೇ ಸಲ ಅವನು, ನಿಮ್ಮ ತರಗತಿಯ ಮಕ್ಕಳಿಗೆ ಯಾವ ಕತೆ ಹೇಳುತ್ತೀರಿ ಎಂದು ಕೇಳಿದ್ದ. ಬೇರೆ ಯಾರೂ ಅವಳನ್ನು ಹಾಗೆ ಕೇಳಿರಲಿಲ್ಲ. ಮರುದಿನ ಅವಳು ಅಪ್ಪನಿಗೆ ಹೂಂ ಎಂದಳು.

ಮದುವೆ ಮನೆಯಲ್ಲೇ ಆಯಿತು, ಹತ್ತು ಜನರ ಮುಂದೆ. "ನಾ ನಿನ್ನ ಹತ್ರ ಏನೂ ಕೇಳೂದಿಲ್ಲ," ಎಂದ ಕುಮಾರಸ್ವಾಮಿ ಅಂದು. ಆ ಮಾತನ್ನು ಉಳಿಸಿಕೊಂಡ. ಒಳ್ಳೆಯ ಮನುಷ್ಯ. ಏನೂ ಕೇಳದ್ದರಿಂದಲೇ ಇಬ್ಬರ ನಡುವೆ ಮಾತು ಬೆಳೆಯಲಿಲ್ಲ. ಒಮ್ಮೊಮ್ಮೆ ಹೊರಗಿನಿಂದ ಬಂದವನು ಮರೆತು "ಸುರಭಿ" ಎಂದು ಕೂಗುತ್ತಿದ್ದ. "ಬಂದೆ," ಎನ್ನುತ್ತಿದ್ದಳು ದಾಕ್ಷಾಯಿಣಿ.

ದಾನವ್ವ ಬರಬರುತ್ತ ಮೆತ್ತಗಾದಳು. ಸೊಸೆಯನ್ನು ನೆನೆದು ಅವಳು ಅಳುವಾಗ ದಾಕ್ಷಾಯಿಣಿ ನೀರು ತಂದು ಕೊಡುತ್ತಿದ್ದಳು. ಕುಮಾರಸ್ವಾಮಿ ಮಂಕಾಗಿ ಕುಳಿತಾಗ ಚಹಾ ಮಾಡುತ್ತಿದ್ದಳು. ಸೌಂದರ್ಯಾ ಅತ್ತಾಗ ಎತ್ತಿಕೊಳ್ಳುತ್ತಿದ್ದಳು. ಆ ಮನೆಯಲ್ಲಿ ಸೊಸೆಯನ್ನು, ಹೆಂಡತಿಯನ್ನು, ತಾಯಿಯನ್ನು ಕಳೆದುಕೊಂಡವರಿದ್ದರು. ದಾಕ್ಷಾಯಿಣಿ ಅಕ್ಕನನ್ನು ಕಳೆದುಕೊಂಡವಳು ಎಂಬುದು ಯಾರಿಗೂ ಹೊಳೆಯಲಿಲ್ಲ. ಅವಳಿಗೂ ಪುರುಸೊತ್ತಾಗಲಿಲ್ಲ.

ಸೌಂದರ್ಯಾ ಅವಳನ್ನು ಅವ್ವ ಎನ್ನದೆ, ಮದುವೆಯ ಮೇಲೂ ಚಿಗವ್ವ ಎಂದೇ ಕರೆದಳು. ಶಾಲೆಯ ಅರ್ಜಿಯಲ್ಲಿ ತಾಯಿಯ ಹೆಸರು ಬರೆಯುವ ಕಡೆ ದಾಕ್ಷಾಯಿಣಿ ಪ್ರತಿ ವರ್ಷ ಅಕ್ಕನ ಹೆಸರನ್ನೇ ಬರೆದಳು.

ಈ ಜೂನ್‌ನಲ್ಲಿ, ಹನ್ನೆರಡು ತುಂಬಿದ ಸೌಂದರ್ಯಾಳಿಗೆ ಧಾರವಾಡದ ಆಚೆಯ ಒಂದು ವಸತಿ ಶಾಲೆಯಲ್ಲಿ ಸೀಟು ಸಿಕ್ಕಿತು. ಪರೀಕ್ಷೆ ಬರೆಯುತ್ತೇನೆ ಎಂದು ಹಟ ಹಿಡಿದವಳೂ ಅವಳೇ. ಅಲ್ಲಿ ಕೂದಲು ಹೆಗಲಿಗಿಂತ ಕೆಳಗೆ ಇಳಿಯಬಾರದೆಂಬ ನಿಯಮವಿತ್ತು. ಬ್ಯೂಟಿ ಪಾರ್ಲರಿನ ಕುರ್ಚಿಯಲ್ಲಿ ಕುಳಿತು, "ಕತ್ತರಿಸ್ರಿ," ಎಂದಳು. ಆಮೇಲೆ ಕನ್ನಡಿಯಲ್ಲಿ ನೋಡಿ, "ಚಿಗವ್ವಾ, ನೀ ಬೇಕಾದ್ರ ಹೊರಗ ನಿಲ್ಲು," ಎಂದಳು. ದಾಕ್ಷಾಯಿಣಿ ಅಲ್ಲೇ ನಿಂತಳು.

ಶಾಲೆಗೆ ಬಿಡಲು ಹೋದವಳೂ ಅವಳೊಬ್ಬಳೇ. ಕುಮಾರಸ್ವಾಮಿ ಟ್ರಂಕನ್ನು ಬಸ್ಸಿಗೆ ಹಾಕಿ, ಮಗಳ ತಲೆ ಸವರಿ, ಬಸ್ಸು ಬಿಡುವ ಮೊದಲೇ ಅಂಗಡಿಗೆ ತಿರುಗಿದ್ದ. ಗೇಟಿನ ಹತ್ತಿರ ಸೌಂದರ್ಯಾ ಟ್ರಂಕು ಕೆಳಗಿಟ್ಟು ಹೇಳಿದಳು: "ನೀ ನನ್ನ ಮುಂದ ಒಮ್ಮೆನೂ ಅತ್ತಿಲ್ಲ. ಅಳಬೇಕಂದ್ರ ಅಳು. ನಾ ದೊಡ್ಡಾಕಿ ಆಗೇನಿ."

ದಾಕ್ಷಾಯಿಣಿ ಇಲ್ಲವೆಂದು ತಲೆಯಾಡಿಸಿ, ಅವಳ ಕಾಲರ್ ಸರಿಮಾಡಿ ಒಳಗೆ ಕಳಿಸಿದಳು.

ಅಳು ಬಂದದ್ದು ಹಿಂತಿರುಗುವ ಬಸ್ಸಿನಲ್ಲಿ. ಧಾರವಾಡ ದಾಟುತ್ತಿದ್ದಂತೆ ಶುರುವಾದದ್ದು ನಿಲ್ಲಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡರೂ ಸದ್ದು ಹೊರಗೆ ಬಂತು. ಪಕ್ಕದಲ್ಲಿ ಕುಳಿತಿದ್ದ ಬುರ್ಖಾ ತೊಟ್ಟ ಹಿರಿಯ ಹೆಂಗಸು ಚೀಲದಿಂದ ನೀರಿನ ಬಾಟಲಿ ತೆಗೆದು ಅವಳ ಕೈಗಿಟ್ಟಳು.

"ಯಾಕವ್ವಾ, ಮನ್ಯಾಗ ಯಾರರ ಹೋದ್ರೇನು?"

"ನಮ್ಮಕ್ಕರಿ," ಎಂದಳು ದಾಕ್ಷಾಯಿಣಿ.

"ಅಯ್ಯ ಪಾಪ. ಯಾವಾಗ?"

"ಐದು ವರ್ಷ ಆತ್ರಿ."

ಆ ಹೆಂಗಸು ಬಾಟಲಿಯ ಮುಚ್ಚಳ ತೆಗೆದು ಕೊಟ್ಟಳು. ರಾಯಾಪುರದಲ್ಲಿ ಇಳಿಯುವವರೆಗೂ ಅವಳ ಬೆನ್ನ ಮೇಲೆ ಕೈ ಇಟ್ಟುಕೊಂಡೇ ಕುಳಿತಿದ್ದಳು.