ಅಬ್ಬನ ತಲೆಕಟ್ಟು

ಇವತ್ತು ಸದಾಶಿವನಗರದ ನಮ್ಮ ಮನೆಯ ಗೇಟಿಗೆ ಪೇಂಟ್ ಹೊಡೆಸುತ್ತಿದ್ದೆ. ಟರ್ಪೆಂಟೈನ್ ವಾಸನೆ ಮೂಗಿಗೆ ಬಡಿದದ್ದೇ ತಡ, ಮನಸ್ಸು ನಮ್ಮೂರು ಗುಬ್ಬಿಯ ಹಳೇ ಮನೆಗೆ ಹೋಗಿಬಿಟ್ಟಿತು.

ನಮ್ಮ ಅಬ್ಬಾ ಹಿತ್ತಲ ಬಾಗಿಲ ಬಳಿ ಕೂತು ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದರು. ಮೊದಲು ಅಕ್ಷರಗಳ ಮೈಯನ್ನೆಲ್ಲ ಬರೆದು, ತಲೆಕಟ್ಟುಗಳನ್ನು ಕೊನೆಗೆ ಒಂದೇ ಉಸಿರಿನಲ್ಲಿ ಎಳೆಯುತ್ತಿದ್ದರು. ಅಷ್ಟು ಹೊತ್ತಿಗೆ ಅಮ್ಮಿ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿರಲೇಬೇಕು. ಗಾಳಿಗೆ ಅವಳ ಸೆರಗಿನ ತುದಿ ಏಳುವುದನ್ನೇ ನೋಡಿ ಅಬ್ಬಾ ಬ್ರಷ್ ಎತ್ತುತ್ತಿದ್ದರು. ತಲೆಕಟ್ಟೂ ಹಾಗೇ ಮೇಲಕ್ಕೆ ಏಳುತ್ತಿತ್ತು. ಅದನ್ನು ನೋಡಿಯೇ ಜನ ದೂರದಿಂದ ಅವರ ಬೋರ್ಡು ಗುರುತಿಸುತ್ತಿದ್ದರು.

ಅಮ್ಮಿ ತೀರಿಕೊಂಡ ಮೇಲೆ ಬರೆದ ಮೊದಲ ಬೋರ್ಡು ಬಳೆ ಅಂಗಡಿಯದು. ಅಬ್ಬಾ ಹಿತ್ತಲ ಬಾಗಿಲು ಮುಚ್ಚಿಕೊಂಡು ಬರೆದರು.

ಅಂಗಡಿಯ ಸೆಟ್ಟರು ಬಂದು ತುಂಬಾ ಹೊತ್ತು ನೋಡಿದರು. "ಇದೇನ್ ಸಾಬ್ರೇ, ತಲೆಕಟ್ಟೆಲ್ಲಾ ಮಲಗ್ಬಿಟ್ಟವೆ?"

"ಗಾಳಿ ಇಲ್ವಲ್ಲಾ ಸೆಟ್ರೇ," ಎಂದರು ಅಬ್ಬಾ.

ಸೆಟ್ಟರು ಬೋರ್ಡು ಎತ್ತಿಕೊಂಡು ಹೋದರು. ಆಮೇಲೆ ಅಬ್ಬಾ ಬರೆದ ಯಾವ ಬೋರ್ಡಿನಲ್ಲೂ ತಲೆಕಟ್ಟು ಏಳಲಿಲ್ಲ.

"ಗೇಟ್ ಮೇಲೆ ಹೆಸರು ಬರೀಲಾ ಅಕ್ಕಾ?" ಪೇಂಟರ್ ಕೇಳಿದ.

ಬೇಡ ಎಂದೆ. ಮೇಲೆ ಮಹಡಿಯ ತಂತಿಯಲ್ಲಿ ನನ್ನ ದುಪಟ್ಟಾ ಅಲುಗಾಡದೆ ನೇತಾಡುತ್ತಿತ್ತು.